ಸದ್ದಿಲ್ಲದ ಬಾಗಿಲು

ಬಡಗಿ ಆ ಬಾಗಿಲಿನ ಕೆಲಸಕ್ಕೆ ಕೂತಾಗ ಹೆಂಡತಿ ಊಟಕ್ಕೆ ಕರೆದೂ ಕರೆದೂ ಸಾಕಾಗಿ, ಕೊನೆಗೆ ತಟ್ಟೆಯನ್ನೇ ತಂದು ಮರದ ಹೊಟ್ಟಿನ ನಡುವೆ ಇಟ್ಟು ಹೋದಳು.

ಅವನ ಹುಮ್ಮಸ್ಸಿಗೆ ಕಾರಣವಿತ್ತು. ಹೊಳೆ ಉಕ್ಕಿ ಊರೊಳಗೆ ನುಗ್ಗಿದಾಗ ಬಸ್ ಡಿಪೋ ಹಿಂದಿನ ಒಂಟಿ ಕೋಣೆ ಗೋಡೆಸಮೇತ ಕೊಚ್ಚಿಹೋಗಿತ್ತು. ಕುಡಿತ ಬಿಡಬೇಕೆನ್ನುವವರು, ನಿದ್ದೆ ಬಾರದವರು, ಸುಮ್ಮಸುಮ್ಮನೆ ಅಳು ಬರುವವರು ಹೋಗಿ ಕೂತು ಎದೆ ಹಗುರ ಮಾಡಿಕೊಂಡು ಬರುತ್ತಿದ್ದ ಜಾಗ ಅದು. ವಾರಕ್ಕೊಮ್ಮೆ ಡಾಕ್ಟರು ಬರುತ್ತಿದ್ದರು. ಉಳಿದ ದಿನ ಸಲಹೆ ಹೇಳುವ ಹುಡುಗಿಯೊಬ್ಬಳೇ ಇರುತ್ತಿದ್ದಳು. ವಯಸ್ಸಿನಲ್ಲಿ ಎಲ್ಲರಿಗಿಂತ ಚಿಕ್ಕವಳು, ಆದರೂ ಎಲ್ಲರ ಬಾಯಲ್ಲೂ ಅವಳು ಅಕ್ಕನೇ. ಬಡಗಿ ಬಾಟಲಿ ಬಿಟ್ಟದ್ದು ಆ ಕೋಣೆಯ ಬೆಂಚಿನ ಮೇಲೆ ಕೂತೂ ಕೂತೂ.

ನೀರು ಇಳಿದ ಮೇಲೆ ಊರಿನಲ್ಲಿ ಎಲ್ಲಕ್ಕಿಂತ ಮೊದಲು ವ್ಯಾಪಾರ ಶುರುಮಾಡಿದ್ದು ಹೆಂಡದಂಗಡಿ. ಆಗಿನ್ನೂ ಶಾಲೆಯ ಕೆಸರು ತೆಗೆದಿರಲಿಲ್ಲ. ನಲ್ಲಿಯ ಸದ್ದಿಗೂ ಬೆಚ್ಚಿಬೀಳುವವರು, ಬಿಟ್ಟಿದ್ದ ಚಟಕ್ಕೆ ಮತ್ತೆ ಜೋತುಬಿದ್ದವರು ಮನೆಮನೆಯಲ್ಲೂ ಇದ್ದರು. ಹಾಗಿರುವಾಗ ಆರೋಗ್ಯ ಇಲಾಖೆಯವರು ಪೇಟೆಬೀದಿಯಲ್ಲಿ ಖಾಲಿಬಿದ್ದಿದ್ದ ಮಳಿಗೆಯೊಂದನ್ನು ಅಕ್ಕನಿಗೆ ಕೊಟ್ಟರು. ಮುಂದೆ ಬರೀ ಕಬ್ಬಿಣದ ಶಟರ್. ಶಟರಿನ ಹಿಂದೆ ಮರದ ಬಾಗಿಲು ಕೂರಿಸಿಕೊಡುವುದು ನನ್ನ ಪಾಲಿಗಿರಲಿ ಎಂದು ಬಡಗಿ ತಾನಾಗಿಯೇ ಮುಂದೆ ಬಿದ್ದ. ಕೈ ನಡುಗದೆ ಅವನು ಮಾಡಿದ ಮೊದಲ ದೊಡ್ಡ ಕೆಲಸ ಅದು. ಬಾಗಿಲು ಎಷ್ಟು ಚೆನ್ನಾಗಿ ಬಂತೆಂದರೆ, ಒಂದು ಬೆರಳಲ್ಲಿ ತಳ್ಳಿದರೆ ಸದ್ದಿಲ್ಲದೆ ಹೋಗಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತಿತ್ತು. ಎದುರಿನ ಚಹಾದಂಗಡಿಯವನೂ ಬಂದು ಸವರಿ ನೋಡಿ ಹೋದ.

ಇಲಾಖೆಯಿಂದ ಬಂದ ಮೇಡಂ ಮಾತ್ರ ಬಾಗಿಲಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ತಿಂಗಳೊಳಗೆ ಜನ ಬರದಿದ್ದರೆ ಡಾಕ್ಟರನ್ನೂ ಅಕ್ಕನನ್ನೂ ಪಟ್ಟಣದ ಆಸ್ಪತ್ರೆಗೆ ಹಾಕುತ್ತೇವೆಂದು ಹೇಳಿಹೋದರು. ಈ ಬೆಂಚೂ ತಪ್ಪಿದರೆ ತನ್ನ ಕಾಲು ಯಾವ ಕಡೆ ತಿರುಗುತ್ತದೆಂದು ಬಡಗಿಗೂ ಗೊತ್ತಿತ್ತು, ಅವನ ಹೆಂಡತಿಗೂ ಗೊತ್ತಿತ್ತು.

ಡಾಕ್ಟರು ಬಂದರು, ಜನ ಬರಲಿಲ್ಲ. ಮುಂದಿನ ವಾರವೂ ಅದೇ ಕಥೆ. ಡಾಕ್ಟರು ಬಿಸ್ಕತ್ತಿನ ಪೊಟ್ಟಣ ಒಬ್ಬರೇ ಮುಗಿಸಿ ಹೊರಟರು. ಬಡಗಿ ಚಹಾದಂಗಡಿಯಲ್ಲಿ ಕಾದುಕೂತು ಬೀದಿ ನೋಡಿದ. ಟೈಲರಮ್ಮ ಬಂದಳು, ಬಾಗಿಲೆದುರು ನಿಂತು ಸೆರಗು ಸರಿಮಾಡಿಕೊಂಡು ವಾಪಸು ಹೋದಳು. ಆಮೇಲೆ ನಿವೃತ್ತ ಬಸ್ ಡ್ರೈವರ್ ಬಂದ. ಎದುರಿಗೆ ಕೋಳಿ ಬಂದರೂ ಬಸ್ಸನ್ನು ಜರ್ರೆಂದು ನಿಲ್ಲಿಸುತ್ತಿದ್ದನಾದ್ದರಿಂದ ಊರಿಗೆಲ್ಲ ಅವನು ಬ್ರೇಕಣ್ಣ. ಅವನೂ ಬಾಗಿಲು ನೋಡಿ ತಿರುಗಿದಾಗ ಬಡಗಿ ಓಡಿಹೋಗಿ ತೋಳು ಹಿಡಿದುಕೊಂಡ.

“ಬಾಗ್ಲು ಹಾಕಿತ್ತಲ್ಲಪ್ಪಾ” ಅಂದ ಬ್ರೇಕಣ್ಣ.

“ತಟ್ಟೋಕೇನು ರೋಗ?”

“ತಟ್ಟಿದ್ರೆ ಯಾರು ಅಂತ ಕೇಳ್ತಾರೆ. ಏನು ಹೇಳ್ಲಿ? ಕುಡುಕ ಬಂದಿದೀನಿ, ತೆಗೀರಿ ಅಂತ ಪೇಟೆಗೆಲ್ಲ ಕೇಳೋ ಹಾಗೆ ಕೂಗ್ಲಾ?”

ಹಳೆಯ ಕೋಣೆಯ ಬಾಗಿಲು ಉಬ್ಬಿಕೊಂಡು ವರ್ಷಗಟ್ಟಲೆ ಅರ್ಧಕ್ಕೇ ನಿಂತಿತ್ತು. ತಟ್ಟುವ ಮಾತೇ ಇರಲಿಲ್ಲ, ಜನ ಬೆಕ್ಕಿನ ಹಾಗೆ ನುಸುಳಿಬಿಡುತ್ತಿದ್ದರು. ಬಡಗಿಗೆ ಇದು ಅರ್ಥವೇನೋ ಆಯಿತು, ಆದರೆ ಇಂಥ ಬಾಗಿಲನ್ನು ಬಿಟ್ಟುಕೊಡಲು ಮನಸ್ಸು ಒಪ್ಪಲಿಲ್ಲ. ಇಟ್ಟಿಗೆ ಇಟ್ಟು ತೆರೆದಿಟ್ಟ. ಒಳಗೆ ನೆಲ ತೊಳೆಯುತ್ತಿದ್ದಾರೆಂದುಕೊಂಡು ಜನ ಚಪ್ಪಲಿ ನೋಡಿಕೊಂಡು ದಾಟಿಹೋದರು.

ಆ ಸಂಜೆ ಅವನು ಸುತ್ತುದಾರಿ ಬಿಟ್ಟು ಹೆಂಡದಂಗಡಿಯ ದಾರಿಯಲ್ಲೇ ಮನೆಗೆ ಬಂದ. ಹೆಂಡತಿ ಮುಖ ನೋಡಿದ ಕೂಡಲೇ ಪತ್ತೆ ಹಚ್ಚಿದಳು.

“ಒಳಗೆ ಹೋಗಿದ್ರಾ?”

“ಇಲ್ಲ ಕಣೇ. ಮುಂದೆ ನಿಂತಿದ್ದೆ. ಎಷ್ಟೋ ಹೊತ್ತು ನಿಂತಿದ್ದೆ.”

“ಅಲ್ಲೇನಿತ್ತು ನಿಂತು ನೋಡೋಕೆ?”

“ಯಾರೂ ಏನೂ ಕೇಳಲ್ಲ ಅಲ್ಲಿ. ಬಾಗ್ಲು ತೆರೆದೇ ಇರತ್ತೆ.”

ಹೆಂಡತಿ ಬೈಯಲಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಅಂದಳು, “ಅಲ್ರೀ, ನೀವು ಬಾಗ್ಲು ಮಾಡಿದ್ದು ಅವರು ಒಳಗೆ ಬರ್ಲಿ ಅಂತಲೋ, ನಿಮ್ಮ ಕೈಕೆಲಸ ನೋಡ್ಲಿ ಅಂತಲೋ?”

ಬಡಗಿ ಬೆಳಗಾಗುತ್ತಲೇ ಹೋಗಿ ಬಾಗಿಲನ್ನು ಕೀಲಿನಿಂದ ಬಿಚ್ಚಿದ. ಸ್ಕ್ರೂ ಒಂದೊಂದು ತೆಗೆಯುವಾಗಲೂ ಹಲ್ಲು ಕೀಳಿಸಿಕೊಳ್ಳುವವನ ಮುಖವಾಗಿತ್ತೆಂದು ಚಹಾದಂಗಡಿಯವನು ಆಮೇಲೆ ಆಡಿಕೊಂಡ. ಬೀದಿಯ ಕಡೆಗೆ ಹೆಂಡತಿಯ ಹಳೇ ಸೀರೆಯ ಪರದೆ ಬಂತು, ರಾತ್ರಿಗೆ ಶಟರ್ ಇದ್ದೇ ಇತ್ತು. ಬಾಗಿಲನ್ನು ಎಸೆಯಲು ಅಕ್ಕ ಬಿಡಲಿಲ್ಲ. ಡಾಕ್ಟರು ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿಸುವ ಒಳಕೋಣೆಗೆ ಬರೀ ಹಲಗೆ ಅಡ್ಡವಿತ್ತು, ಒಳಗೆ ಅತ್ತರೆ ಹೊರಗಿನ ಬೆಂಚಿಗೆಲ್ಲ ಕೇಳುವಂತಿತ್ತು. ಬಡಗಿ ಅದನ್ನು ಅಲ್ಲಿಗೆ ಅಳತೆಗೆ ತಕ್ಕಂತೆ ಕೊಯ್ದು ಕೂರಿಸಿದ.

ಡಾಕ್ಟರ ದಿನ ಬಂತು. ಮೊದಲು ಟೈಲರಮ್ಮ ಪರದೆ ಸರಿಸಿ ತಲೆ ಹಾಕಿದಳು, ಹೊಲಿಗೆ ಓರೆಯಾಗಿದೆಯೆಂದು ಮೂಗು ಮುರಿದು ಒಳಗೆ ಕೂತಳು. ಹಿಂದೆಯೇ ಬ್ರೇಕಣ್ಣ, ಅವನ ಹಿಂದೆ ಇನ್ನಾರೋ. ಬೆಂಚು ತುಂಬಿತು. ಅಷ್ಟರಲ್ಲಿ ಇಲಾಖೆಯ ಮೇಡಂ ಹೇಳದೆ ಕೇಳದೆ ಬಂದು ಪರದೆ ಹಿಡಿದುಕೊಂಡು ನಿಂತರು. ಅವರ ಗುರುತಿಲ್ಲದ ಬ್ರೇಕಣ್ಣ ಸರಿದು ಜಾಗ ಮಾಡಿಕೊಟ್ಟ.

“ಬಾ ತಾಯಿ, ಕೂತ್ಕೋ. ಮೊದಲ ಸಲ ಎಲ್ಲರಿಗೂ ಹಾಗೇ ಆಗತ್ತೆ. ಇಲ್ಲಿ ಯಾರೂ ಹೆಸರು ಕೇಳಲ್ಲ.”

ಅಕ್ಕ ಬೆವರಿದಳು. ಮೇಡಂ ತಿದ್ದಲೆಂದು ಬಾಯಿ ತೆರೆದವರು ಹಾಗೇ ಕೂತರು, ಬ್ಯಾಗನ್ನು ತೊಡೆಯ ಮೇಲಿಂದ ನೆಲಕ್ಕಿಳಿಸಿದರು. ಮೆಲ್ಲಗೆ, “ಮಳೆ ಶುರುವಾದ್ರೆ ನಂಗೂ ಕಣ್ಣು ಮುಚ್ಚೋಕಾಗಲ್ಲ” ಅಂದರು.

ಹೊರಡುವಾಗ ಅಕ್ಕನಿಗೆ ಹೇಳಿದ್ದು ಎರಡೇ ಮಾತು. ಡಾಕ್ಟರು ಇಲ್ಲಿಗೇ ಬರಲಿ. ಬೆಂಚು ಸಾಲದು.

ಬಡಗಿಯ ಮೈಯಿಂದ ಮೂಟೆ ಇಳಿದಂತಾಯಿತು. ಬೆಂಚಿನವರೆದುರು ಮಾತಾಡುವ ಸರದಿ ಅವನಿಗೆ ಬಂದಾಗ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಮೊನ್ನೆ ಹೆಂಡದಂಗಡಿ ಮುಂದೆ ನಿಂತಿದ್ದೆ ಅಂದ.

“ಎಡಗಡೆ ನಿಂತಿದ್ಯೋ ಬಲಗಡೆನೋ?” ಕೇಳಿದ ಬ್ರೇಕಣ್ಣ. “ಬಲಗಡೆ ನಾನಿದ್ದೆ.”

ಬೆಂಚು ಅಲುಗುವಷ್ಟು ನಗು ಎದ್ದಿತು. ಬಡಗಿಯೂ ನಕ್ಕ, ನಗು ಇಳಿಯುವವರೆಗೆ ಕಾದ, ಆಮೇಲೆ ಮಿಕ್ಕಿದ್ದನ್ನೂ ಹೇಳತೊಡಗಿದ.