ಹೊನ್ನೂರಪ್ಪ ಮೇಷ್ಟ್ರ ಉದಕ

ಕುರುಗೋಡಿನ ಹೊನ್ನೂರಪ್ಪ ಮೇಷ್ಟ್ರಿಗೆ ನೀರನ್ನು ನೀರು ಅಂದರೆ ಗಂಟಲಿಗೆ ಇಳಿಯುತ್ತಿರಲಿಲ್ಲ. ಉದಕ ಅನ್ನಬೇಕು, ಆ ಪದದ ಮೂಲ ಹೇಳಬೇಕು, ಅಷ್ಟರಲ್ಲಿ ಎದುರಿಗಿದ್ದವರ ಬಾಯಿ ಒಣಗಬೇಕು. ದೀಪ ಹಚ್ಚಿದರೆ ಅದು ಸೊಡರು, ಬಾಗಿಲು ಹಾಕಿದರೆ ಅದು ಕವಾಟ. ನಿವೃತ್ತಿಯಾದ ಮೇಲೆ ಪಾಠ ಕೇಳುವ ಮಕ್ಕಳಿಲ್ಲದೆ ಆ ಭಾರವೆಲ್ಲ ಹೆಂಡತಿ ಹಂಪಕ್ಕನ ತಲೆಗೆ ಬಂತು. ಆಕೆ ಒಲೆಯ ಮುಂದೆ ಹೂಂ ಹೂಂ ಎನ್ನುತ್ತಲೇ ನಲವತ್ತೊಂದು ವರ್ಷ ಸಂಸಾರ ಮಾಡಿದ್ದಳು.

ಒಣಪಾಂಡಿತ್ಯ ಎಂಬ ಮಾತನ್ನು ಆಕೆಗೆ ಕಲಿಸಿದ್ದೂ ಮೇಷ್ಟ್ರೇ. "ಹಸಿದು ಬಂದಾವಗ ಅನ್ನ ಹಾಕೋದು ಬಿಟ್ಟು, ಅನ್ನ ಅನ್ನೋ ಪದ ಎಲ್ಲಿ ಹುಟ್ಟಿತು ಅಂತ ಹೇಳ್ಕೋತ ಕುಂದರ್ತಾರಲ್ಲ, ಅದು ಒಣಪಾಂಡಿತ್ಯ," ಎಂದಿದ್ದರು, ಬೇರೆ ಯಾರನ್ನೋ ಬೈಯುತ್ತ.

ಹೋದ ತಿಂಗಳು ಸಿರುಗುಪ್ಪದಿಂದ ಬೀಗರು ಬಂದರು. ಮಂಡಕ್ಕಿ ಒಗ್ಗರಣೆ, ಮಿರ್ಚಿ ತಟ್ಟೆಯಲ್ಲೇ ಆರುತ್ತಿದ್ದರೂ ಮೇಷ್ಟ್ರು ಮೆಣಸಿನಕಾಯಿಗೆ ಆ ಹೆಸರು ಬಂದ ಬಗೆಯನ್ನು ಬಿಡಿಸುತ್ತಲೇ ಇದ್ದರು. ಬೀಗರು ಕೈ ತೊಳೆದುಕೊಂಡು ಕಾಯುತ್ತಿದ್ದರು. ಹಂಪಕ್ಕನಿಗೆ ರೇಗಿತು.

"ಸಾಕು ಮಾಡ್ರಿ ನಿಮ್ಮ ಒಣಪಾಂಡಿತ್ಯ," ಎಂದುಬಿಟ್ಟಳು.

ಮೇಷ್ಟ್ರ ಮುಖ ಸಣ್ಣದಾಯಿತು. ಆ ದಿನವೆಲ್ಲ ತುಟಿ ಬಿಚ್ಚಲಿಲ್ಲ. ಮರುದಿನ ಬೆಳಿಗ್ಗೆ ಲಕ್ವಾ ಹೊಡೆಯಿತು. ಬಲಗೈಯ ಜೊತೆ ಮಾತೂ ಹೋಯಿತು.

ಬಿ.ಪಿ. ಹೆಚ್ಚಾಗಿತ್ತು ಎಂದರು ಡಾಕ್ಟರು. ಹಂಪಕ್ಕನ ಮನಸ್ಸು ಅದನ್ನು ಒಪ್ಪಬೇಕಲ್ಲ. ಅವರ ಬಾಯಿ ಕಟ್ಟಿದ್ದು ತಾನೇ ಎಂದು ನಂಬಿ ಅನ್ನ ಬಿಟ್ಟಳು. ಇನ್ನೊಮ್ಮೆ ಅವರು ಮಾತಾಡಲಿ, ಅಷ್ಟೇ ಆಕೆಗೆ ಬೇಕಿದ್ದದ್ದು.

ಬಳ್ಳಾರಿಯ ಆಸ್ಪತ್ರೆಯಲ್ಲಿ ಮಾತು ಕಲಿಸುವ ಆಸ್ಫಿಯಾ ಮೂರು ವಾರ ಚಿತ್ರದ ಕಾರ್ಡು ತೋರಿಸಿದಳು. ಏನೂ ಹೊರಡಲಿಲ್ಲ. ಆ ಮಂಗಳವಾರವೂ ನೀರಿನ ಲೋಟದ ಚಿತ್ರ ಹಿಡಿದಳು. "ಇದೇನ್ರಿ ಸರ್? ನೀ..."

ಮೇಷ್ಟ್ರ ತುಟಿ ಅತ್ತಿತ್ತ ಹೊರಳಿತು. "ಉ... ದಕ."

"ಏನೋ ಬ್ಯಾರೆ ಸಪ್ಪಳ ಬರಾಕತ್ತೈತಮ್ಮಾ," ಎಂದು ಆಸ್ಫಿಯಾ ಕಾರ್ಡು ಕೆಳಗಿಟ್ಟಳು.

ಹಂಪಕ್ಕ ಎದ್ದು ನಿಂತಳು. "ಸಪ್ಪಳ ಅಲ್ಲ ತಾಯಿ. ಅವರು ನೀರಿಗೆ ಹಂಗ ಅಂತಾರ. ಮುಂದಿಂದು ತೋರ್ಸು."

ದೀಪ ತೋರಿಸಿದರೆ "ಸೊಡರು" ಬಂತು. ಬಾಗಿಲಿಗೆ, ಬಹಳ ಹೊತ್ತು ತಡವರಿಸಿ, "ಕವಾಟ." ದಿನಾ ಬಳಸುವ ಪಾತ್ರೆಗಳೆಲ್ಲ ಕಳುವಾಗಿ, ಅಟ್ಟದ ಮೇಲಿನ ತಾಮ್ರದ ಕೊಡಗಳಷ್ಟೇ ಉಳಿದ ಮನೆಯಂತಿತ್ತು ಅವರ ತಲೆ. ಯಾವುದನ್ನು ಒಣಗಿದ್ದು ಎಂದು ಹಳಿದಿದ್ದಳೋ ಅದೇ ಹಸಿಯಾಗಿ ಉಳಿದಿತ್ತು. ಇದೆಂಥ ಸೋಜಿಗ ಎಂದು ಆಕೆ ಕೈಮುಗಿದು ನಿಂತಳು.

"ನಿಮಗಿವೆಲ್ಲ ಹೆಂಗ್ ಗೊತ್ತಮ್ಮಾ?" ಆಸ್ಫಿಯಾ ಬೆರಗಿನಿಂದ ಕೇಳಿದಳು.

"ಬರೇ ಹೂಂ ಅಂತಿದ್ನಿ ಅಂದ್ಕೊಂಡಿದ್ನಿ. ಕೇಳಿಸ್ಕೊಂಡೀನಿ ಅಂತ ನನಗೂ ಈಗ ಗೊತ್ತಾತು."

ಆಸ್ಫಿಯಾ ಕಾರ್ಡು ಬಿಟ್ಟು ಹಂಪಕ್ಕನತ್ತ ಕೈ ತೋರಿಸಿದಳು. "ಇವರು ಯಾರ್ರಿ ಸರ್?"

ಲೋಕದ ಸಮಸ್ತಕ್ಕೂ ದೊಡ್ಡ ಹೆಸರಿಟ್ಟ ಮೇಷ್ಟ್ರು ಹೆಂಡತಿಯನ್ನು ಮಾತ್ರ "ಏ, ಕೇಳಿಲ್ಲಿ" ಎಂದೇ ಕೂಗಿದವರು. ಈಗ ಅವರ ಹಣೆ ಬೆವರಿತು. ಕಣ್ಣು ಆಕೆಯ ಮುಖದ ಮೇಲೇ ಹುಡುಕಿತು.

"ಸಹ... ಸಹಧರ್ಮಿಣಿ."

ಹಂಪಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸ್ಟೂಲು ಎಳೆದುಕೊಂಡು ಅವರ ಮಗ್ಗುಲಿಗೆ ಕೂತಳು.

"ಹಂಗಂದ್ರೇನು, ಬಿಡಿಸಿ ಹೇಳ್ರಿ," ಎಂದಳು. "ಎಷ್ಟೊತ್ತರ ಆಗ್ಲಿ."