ಗೋಣಿದಾರದ ಹೊಲಿಗೆ

ಹಾರ ಹಾಕಿದ್ದ ಫೋಟೋದಲ್ಲಿ ಇದ್ದದ್ದು ತನ್ನದೇ ಮುಖ ಎಂದು ತಿಳಿಯಲು ಸಂಪತ್ ಕುಮಾರನಿಗೆ ಒಂದು ಗಳಿಗೆ ಬೇಕಾಯಿತು. ಕೆಳಗೆ ದಪ್ಪ ಅಕ್ಷರದಲ್ಲಿ ‘ದಿವಂಗತ ಅಂಕಯ್ಯ, ಗೋಲ್‌ಕೀಪರ್’ ಎಂದಿತ್ತು. ಮುಂದೆ ಊದುಬತ್ತಿ ಹೊಗೆಯಾಡುತ್ತಿತ್ತು. ತಾನು ಮೇಷ್ಟ್ರಾಗಿದ್ದ ಮದ್ದೂರಿನ ಸ್ಕೂಲಿಗೆ ರಜೆ ಹಾಕಿ, ಬಸ್ಸಿನಲ್ಲಿ ನಿಂತುಕೊಂಡೇ ಮಳವಳ್ಳಿಗೆ ಬಂದದ್ದು ಈ ಚೆಂದ ನೋಡುವುದಕ್ಕೆ!

"ತಿಮ್ಮಯ್ಯ, ಏನಯ್ಯಾ ಇದು? ಇದು ನಾನು!"

ತಿಮ್ಮಯ್ಯ ಮಂಡ್ಯದ ಕಾಲೇಜಿನಲ್ಲಿ ಅವರ ತಂಡದ ಕ್ಯಾಪ್ಟನ್ ಆಗಿದ್ದವನು. ಈಗ, ಎಪ್ಪತ್ತೆಂಟನೇ ಇಸವಿಯಲ್ಲಿ, ತಾಲ್ಲೂಕು ಬೋರ್ಡಿಗೆ ನಿಂತಿದ್ದ. ಹರಿಜನ ಕೇರಿಗಳ ವೋಟು ಬೇಕಿತ್ತು. ಅದಕ್ಕೇ ಅಂಕಯ್ಯನ ಹೆಸರಿನಲ್ಲಿ ಈ ಶೀಲ್ಡು, ಈ ಪಂದ್ಯ, ಈ ಶಾಮಿಯಾನ. ಅವನು ಫೋಟೋ ನೋಡಿದ, ಸಂಪತ್ ಕುಮಾರನನ್ನು ನೋಡಿದ, ನಾಲಿಗೆ ಕಚ್ಚಿಕೊಂಡ.

"ಥೂ! ಗ್ರೂಪ್ ಫೋಟೋದಾಗೆ ಅವ್ನ ಎಸ್ರು ಎಲ್ಲದೆ ನೋಡಿ ಅದುನ್ನ ದೊಡ್ಡದು ಮಾಡು ಅಂತ ಸ್ಟುಡಿಯೋದವ್ನಿಗೆ ಯೋಳಿದ್ದೆ ಕಣ್ಲಾ."

ಹೆಸರಿತ್ತು, ಆಳಿರಲಿಲ್ಲ. ಎಪ್ಪತ್ಮೂರರ ಜಾತಿ ಗಲಾಟೆಯಲ್ಲಿ ಅಂಕಯ್ಯ ಕೇರಿಯ ಹುಡುಗರ ಮೆರವಣಿಗೆಗೆ ಹೋಗಿದ್ದ. ಅದೇ ವಾರ ಫೋಟೋ. "ಇವ್ನು ನಿಂತ್ರೆ ನಾವ್ಯಾರೂ ನಿಂತ್ಕಳಾಕಿಲ್ಲ" ಎಂದವನು ಇದೇ ತಿಮ್ಮಯ್ಯ. ಹೆಸರಿನ ಪಟ್ಟಿ ಸ್ಟುಡಿಯೋಗೆ ಮೊದಲೇ ಹೋಗಿತ್ತು. ಗೋಲ್‌ಕೀಪರ್ ಜರ್ಸಿ ಇದ್ದದ್ದು ಒಂದೇ. ಅಂಕಯ್ಯ ಮಾತಿಲ್ಲದೆ ಅದನ್ನು ಬಿಚ್ಚಿ ಕೊಟ್ಟ. ವರ್ಷವೆಲ್ಲ ಬೆಂಚು ಕಾದಿದ್ದ ಸಂಪತ್ ಕುಮಾರ ಅದನ್ನು ತೊಟ್ಟು ನಿಂತ. ನಿಂತದ್ದಲ್ಲದೆ ಎದೆ ಬೇರೆ ಸೆಟೆಸಿದ್ದ! ಆ ಎದೆ ಈಗ ದೊಡ್ಡದಾಗಿ ಕಾಣುತ್ತಿತ್ತು; ನೋಡಿ ಅವನಿಗೆ ಮೈಯೆಲ್ಲ ಉರಿಯಿತು.

ಆಮೇಲೆ ಗೇಣಿದಾರರಿಗೆ ಭೂಮಿಯ ಅರ್ಜಿ ಬರೆದುಕೊಡುತ್ತಿದ್ದ ಅಂಕಯ್ಯನನ್ನು ಹಲಗೂರಿನ ದಾರಿಯಲ್ಲಿ ಹೊಡೆದು ಕೊಂದರು. ಯಾರೆಂದು ಎಲ್ಲರಿಗೂ ಗೊತ್ತಿತ್ತು. ಒಬ್ಬನೂ ಬಾಯಿ ಬಿಡಲಿಲ್ಲ. ಸಂಪತ್ ಕುಮಾರನೂ ಪೇಪರಿನಲ್ಲಿ ಓದಿ, ಮಡಿಸಿಟ್ಟು, ಸ್ಕೂಲಿಗೆ ಹೋಗಿದ್ದ.

"ಇಳಿಸು ಅದನ್ನ."

"ಸುಮ್ಕಿರ್ಲಾ! ಅವ್ನವ್ವ ಬತ್ತಾವ್ಳೆ. ಆರಾನ ಮೊಕದ್ ಮ್ಯಾಕೆ ಎಳ್ದುಬುಡ್ತೀನಿ. ಯಾರ್ಗೂ ಗೊತ್ತಾಗಾಕಿಲ್ಲ." ತಿಮ್ಮಯ್ಯ ಹೇಳಿದಂತೆಯೇ ಎಳೆದ. ಚೆಂಡುಹೂವಿನ ಹಿಂದೆ ಮುಖ ಮರೆಯಾಯಿತು.

ಅಂಕಯ್ಯನ ತಾಯಿ ಪಟ್ಟಲಮ್ಮ ಹಲಗೂರಿನ ಬಸ್ಸಿಳಿದು ಬಿಸಿಲಿನಲ್ಲಿ ನಡೆದೇ ಬಂದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ. ನೆಟ್ಟಗೆ ಫೋಟೋದ ಹತ್ತಿರ ಹೋದಳು.

"ಮೊಕ ಕಾಣಾಕಿಲ್ವಲ್ಲಪ್ಪ, ಊವ ಸರುಸು. ಮನೇಲಿ ಒಂದು ಪಟಾನೂ ಇಲ್ಲ. ಕಣ್ ಮುಚ್ಚುದ್ರೆ ಈಗೀಗ ಅವನ್ ಮೊಕ ಬರಾಕೇ ಇಲ್ಲ. ನೋಡ್ಬುಟ್ಟು ಓಯ್ತೀನಿ."

"ಪೂಜೆ ಆಗ್ಲಿ ತಾಯಿ, ಆಮೇಕೆ" ಎಂದ ತಿಮ್ಮಯ್ಯ, ಕೈಮುಗಿದುಕೊಂಡು.

ಆ ಮುಗಿದ ಕೈ ನೋಡಿ ಸಂಪತ್ ಕುಮಾರನಿಗೆ ತಡೆಯಲಾಗಲಿಲ್ಲ. ಹಾರವನ್ನು ಕಿತ್ತ, ದಾರ ಹರಿದು ಹೂವು ಚೆಲ್ಲಿತು.

"ಇದು ನಿಮ್ಮ ಮಗ ಅಲ್ಲಮ್ಮ. ನಾನು! ಅವನನ್ನ ಫೋಟೋಗೆ ನಿಲ್ಲಿಸಲಿಲ್ಲ. ಬೇಡ ಅಂದವನು ಇವನು. ಅವನ ಜರ್ಸಿ ಹಾಕಿಕೊಂಡು ಅವನ ಜಾಗದಲ್ಲಿ ನಿಂತವನು ನಾನು!"

"ಲೇ, ಮಾನ ಕಳೀತೀಯೇನ್ಲಾ?" ತಿಮ್ಮಯ್ಯ ಅವನ ರಟ್ಟೆ ಹಿಡಿದ. ಮೈದಾನದಲ್ಲಿ ಚೆಂಡು ಒದೆಯುತ್ತಿದ್ದವರು ನಿಂತುಬಿಟ್ಟರು.

ಪಟ್ಟಲಮ್ಮ ಸಂಪತ್ ಕುಮಾರನ ಕಡೆ ತಿರುಗಿದಳು.

"ಅವಾಗ ನನ್ ಮಗ ಎಲ್ ನಿಂತಿದ್ದ?"

"ಕ್ಯಾಮರಾ ಪಕ್ಕದಲ್ಲಿ. ಬರಿಮೈಯಲ್ಲಿ. ನಮ್ಮನ್ನೇ ನೋಡ್ತಿದ್ದ."

ಅವಳು ಕೆನ್ನೆಗೆ ಬಾರಿಸಿದ್ದರೆ ಸಂಪತ್ ಕುಮಾರನಿಗೆ ಹಗುರವಾಗುತ್ತಿತ್ತು. ಅವಳು ಫೋಟೋವನ್ನು ಮೇಜಿನಿಂದ ಎತ್ತಿಕೊಂಡು ಕಣ್ಣಿನ ಹತ್ತಿರ ತಂದಳು. ಜರ್ಸಿಯ ಭುಜದ ಮೇಲೆ ಒಂದು ತೇಪೆ, ಅದರ ಸುತ್ತ ಗೊದ್ದ ಇರುವೆ ಸಾಲಿಟ್ಟ ಹಾಗೆ ದಪ್ಪ ಹೊಲಿಗೆ.

"ಗೋಣಿದಾರ" ಎಂದಳು. "ಬಿದ್ದು ಅರ್ಕೊಂಡ್ ಬಂದಿದ್ದ. ನಾನೇ ಒಲ್ದಿದ್ದೆ."

ಆಮೇಲೆ ಅಂಗೈಯನ್ನು ಗಾಜಿನ ಮೇಲಿಟ್ಟು ಸಂಪತ್ ಕುಮಾರನ ಮುಖ ಮುಚ್ಚಿದಳು. ಉಳಿದದ್ದನ್ನು ನೋಡುತ್ತ ನಿಂತಳು.