ಗುಡುಸಾಬನ ಪಂಚಮಿ ರಿಕಾರ್ಡು

ಗುಡುಸಾಬ ಬೀಡಿ ಹಚ್ಚುತ್ತಿದ್ದ, ಸೇದುತ್ತಿರಲಿಲ್ಲ. ಹಬ್ಬದ ದಿನ ಬೆಳಿಗ್ಗೆ ಮೈಕಿನ ಹಾರ್ನನ್ನು ಮಾಳಿಗೆಯ ಮೇಲೆ ಕಟ್ಟುವ ಮೊದಲು ಕೋಟಿನ ಕಿಸೆಯಿಂದ ಒಂದೇ ಒಂದು ಬೀಡಿ ತೆಗೆದು, ಹೊತ್ತಿಸುವುದಕ್ಕೆ ಎಷ್ಟು ಬೇಕೋ ಅಷ್ಟು ಮಾತ್ರ ಎಳೆದು, ಅಷ್ಟಕ್ಕೇ ಕಣ್ಣಲ್ಲಿ ನೀರು ಬರುವಂತೆ ಕೆಮ್ಮಿ, ಆಮೇಲೆ ಅದನ್ನು ತಲೆಗಿಂತ ಎತ್ತರಕ್ಕೆ ಹಿಡಿದು ಹೊಗೆ ಯಾವ ಕಡೆ ಬಾಗುತ್ತದೆಂದು ನೋಡುತ್ತ ನಿಲ್ಲುತ್ತಿದ್ದ. ಗಾಳಿಯ ಜೊತೆ ಹೊರಟ ಹಾಡು ಹೊಲದ ಕೊನೆಯವರೆಗೆ ಹೋಗುತ್ತದೆ, ಗಾಳಿಗೆ ಎದುರಾದ ಹಾಡು ಓಣಿಯ ತಿರುವು ದಾಟುವುದಿಲ್ಲ ಎಂಬುದು ಅವನ ವಿದ್ಯೆಯ ಮೊದಲ ಪಾಠ. ದಿಕ್ಕು ನಿಶ್ಚಯವಾದ ಮೇಲೆ ಉಳಿದ ಬೀಡಿ ಕೆಳಗೆ ಏಣಿ ಹಿಡಿದು ನಿಂತವನ ಪಾಲು. ಹೀಗಾಗಿ ಗುಡುಸಾಬನ ಏಣಿ ಹಿಡಿಯಲು ನಮ್ಮೂರಿನಲ್ಲಿ ಯಾವತ್ತೂ ಜನರಿಗೆ ಬರವಿರಲಿಲ್ಲ.

ಚೌಡಾಪುರದ ರಸ್ತೆ ಬಿಟ್ಟು ಒಳಗೆ ಹೋದರೆ ಭೀಮೆಯ ದಂಡೆಗೆ ಅಂಟಿಕೊಂಡ ಊರು ನಮ್ಮದು. ಅಲ್ಲಿ ಮೈಕ್ ಸೆಟ್ಟು ಎಂದರೆ ಗುಡುಸಾಬ, ಗುಡುಸಾಬ ಎಂದರೆ ಆ ಕಂದು ಕೋಟು. ಬೇಸಿಗೆಯ ಉರಿಯಲ್ಲೂ ಅದನ್ನು ಬಿಚ್ಚುತ್ತಿರಲಿಲ್ಲ, ಏಕೆಂದರೆ ಗ್ರಾಮೊಫೋನಿನ ಮುಳ್ಳುಗಳ ಡಬ್ಬಿ ಅದರ ಬಲಗಿಸೆಯಲ್ಲಿತ್ತು. ಡಬ್ಬಿಯ ಮುಚ್ಚಳ ಸಡಿಲವಾಗಿ ಮುಳ್ಳು ಪಕ್ಕೆಗೆ ಚುಚ್ಚುತ್ತಿದ್ದುದರಿಂದ ಬಲಗೈಯನ್ನು ಮೈಯಿಂದ ದೂರ ಹಿಡಿದು, ಕಂಕುಳಲ್ಲಿ ಕಾಣದ ಕೊಡವೊಂದನ್ನು ಇಟ್ಟುಕೊಂಡವನಂತೆ ನಡೆಯುತ್ತಿದ್ದ. ಹೊಸ ಡಬ್ಬಿ ಕೊಂಡ ಮೇಲೂ ಆ ನಡಿಗೆ ಹೋಗಲಿಲ್ಲ.

ಅವನ ತಗಡಿನ ಟ್ರಂಕಿನಲ್ಲಿ ವರ್ಷದ ಹಬ್ಬಗಳೆಲ್ಲ ಮಲಗಿದ್ದವು. ಮೊಹರಮ್ಮಿನ ರಿವಾಯತು ಪದ, ಬಸವ ಜಯಂತಿಯ ವಚನ, ದತ್ತ ಜಯಂತಿಗೆ ಗಾಣಗಾಪುರಕ್ಕೆ ಹೋಗುವವರು ನಿಂತು ಕೇಳುತ್ತಿದ್ದ ಮರಾಠಿ ಭಜನೆ, ಉರುಸಿನ ಕವ್ವಾಲಿ, ಹೋಳಿಯ ಲಾವಣಿ, ದೀಪಾವಳಿಯ ನಸುಕಿಗೆಂದೇ ಇಟ್ಟ ಒಂದು ಶಹನಾಯಿ. ಒಂದು ಹಬ್ಬದ ರಿಕಾರ್ಡನ್ನು ಇನ್ನೊಂದು ಹಬ್ಬಕ್ಕೆ ಹಚ್ಚುವುದು ಅವನ ಮಟ್ಟಿಗೆ ಮಹಾಪಾಪ. ಒಮ್ಮೆ ಊರಿನ ದೊಡ್ಡ ಕುಳ ಬಸವಂತರಾಯರು ಮನೆಯ ಮದುವೆಯಲ್ಲಿ ಬೀಗರ ಮುಂದೆ ಬಿಂಕದಿಂದ ಕವ್ವಾಲಿ ಹಚ್ಚೆಂದು ಅಪ್ಪಣೆ ಮಾಡಿದರು.

"ಅದು ಉರುಸಿಂದು ರೀ ಸಾಹುಕಾರ್ರ. ಈಗ ಮಲಗ್ಯಾದ. ಎಬ್ಬಿಸಬಾರದು."

"ರಿಕಾರ್ಡಿಗೆ ಎಂಥಾ ನಿದ್ದಿಲೇ?"

"ದಿನಾ ಕೇಳಿದ್ರ ಅದು ಸಪ್ಪಳ ರೀ. ವರ್ಷ ದಾರಿ ನೋಡಿ ಕೇಳಿದ್ರ ಹಬ್ಬ."

ರಾಯರ ಮುಖ ಕೆಂಪೇರಿತು. ಗುಡುಸಾಬ ಮಾತು ಬೆಳೆಸದೆ ಪೆಟ್ಟಿಗೆ ಮುಚ್ಚಿ, ತಂತಿ ಸುತ್ತಿಕೊಳ್ಳತೊಡಗಿದ. ಅಕ್ಷತೆ ಬೀಳುವ ಹೊತ್ತಿಗೆ ವಾದ್ಯವಿಲ್ಲದ ಮದುವೆಯಾದೀತೆಂದು ಹೆದರಿ ರಾಯರೇ ಸೋತರು.

ಎಲ್ಲ ರಿಕಾರ್ಡೂ ತನಗೆ ಒಂದೇ ಎಂದು ಅವನು ಹೇಳುತ್ತಿದ್ದ. ಅದನ್ನು ಯಾರೂ ನಂಬುತ್ತಿರಲಿಲ್ಲ. ಉಳಿದವೆಲ್ಲ ಹಳೆಯ ಕಾಗದದಲ್ಲಿ ಸುತ್ತಿಕೊಂಡಿದ್ದರೆ ನಾಗರ ಪಂಚಮಿಯದೊಂದು ಮಾತ್ರ ತಲೆಗೆ ಹೊದೆಯುವ ಹಸಿರು ಓಢಣಿಯಲ್ಲಿತ್ತು. ಅಣ್ಣ ಕರೆಯಲು ಬಂದನೋ ಇಲ್ಲವೋ ಎಂದು ಗಂಡನ ಮನೆಯ ಬಾಗಿಲಲ್ಲಿ ನಿಂತು ನೋಡುವ ಹೆಣ್ಣಿನ ಜೋಕಾಲಿ ಹಾಡು ಅದು. ನಡುವೆ ಒಂದು ಗೀರು ಬಿದ್ದು, ಅಣ್ಣ ಬಂದನೇನೆಂದು ಅವಳು ಕೇಳುವ ಕಡೆಗೇ ಮುಳ್ಳು ಸಿಕ್ಕಿಕೊಂಡು, ಮತ್ತೆ ಮತ್ತೆ ಅದನ್ನೇ ಕೇಳುತ್ತಿತ್ತು. ಗುಡುಸಾಬ ಕಿರುಬೆರಳಿನಿಂದ ಮೆಲ್ಲಗೆ ಮುಳ್ಳನ್ನು ಎತ್ತಿ ಮುಂದಕ್ಕೆ ಇಡುತ್ತಿದ್ದ.

ಓಢಣಿ ಅವನ ತಂಗಿ ಖುರ್ಷಿದಳದು. ತಾಯಿ ತೀರಿಕೊಂಡ ಮೇಲೆ ಅವನೇ ತಲೆ ಬಾಚಿ ಬೆಳೆಸಿದ ತಂಗಿ. ನಮ್ಮಲ್ಲಿ ಪಂಚಮಿಗೆ ಜಾತಿ ಕೇಳುವವರಿಲ್ಲ. ಊರಿನ ಹೆಣ್ಣುಮಕ್ಕಳೆಲ್ಲ ತವರಿಗೆ ಬರಬೇಕು, ಜೋಕಾಲಿ ಏರಬೇಕು. ಬಸವಂತರಾಯರ ವಾಡೆಯ ಹಿಂದಿನ ಬೇವಿನ ಮರಕ್ಕೆ ಹಗ್ಗ ಬಿದ್ದರೆ ರಾಯರ ಮಗಳು ಕಸ್ತೂರಿಬಾಯಿಯೂ ಖುರ್ಷಿದಳೂ ಎದುರುಬದುರು ನಿಂತು, ಕಾಲಿಗೆ ತುದಿಯ ಎಲೆ ತಾಕುವವರೆಗೆ ಜೀಕುತ್ತಿದ್ದರು. ಗುಡುಸಾಬನ ಮನೆಯಲ್ಲಿ ದಿನದ ಮಾತೆಲ್ಲ ಉರ್ದು. ಪಂಚಮಿಯ ಮಾತು ಬಂದರೆ ಅಣ್ಣತಂಗಿಯರಿಗೆ ತಾವಾಗಿಯೇ ಕನ್ನಡ ಬರುತ್ತಿತ್ತು.

ತುರ್ತು ಪರಿಸ್ಥಿತಿಯ ವರ್ಷ ಅವಳ ಮದುವೆಯಾಯಿತು. ಹೊಳೆಯಾಚೆ, ಜೇವರ್ಗಿ ತಾಲೂಕಿನ ಹಳ್ಳಿ. ನಮ್ಮ ದಂಡೆಯಿಂದ ಅಲ್ಲಿಯ ಮಸೀದಿಯ ಗುಂಬಜು ಕಾಣುತ್ತದೆ. ಬೇಸಿಗೆಯಲ್ಲಿ ಹರಿಗೋಲು ಹತ್ತಿದರೆ ಎಲೆ ಅಡಿಕೆ ಹಾಕಿಕೊಂಡು ಮುಗಿಸುವಷ್ಟರಲ್ಲಿ ಆ ದಂಡೆ. ಆದರೆ ಶ್ರಾವಣದಲ್ಲಿ ಹೊಳೆ ತುಂಬಿ ಹರಿಗೋಲು ದಂಡೆಗೆ ಬಿದ್ದರೆ ಮತ್ತೆ ನೀರಿಗೆ ಇಳಿಯುವುದು ಮಹಾನವಮಿಗೇ. ಸುತ್ತುಬಳಸಿ ಬರೋಣವೆಂದರೆ ಕರಿಮಣ್ಣಿನ ಕೆಸರಿನಲ್ಲಿ ಬಸ್ಸು ಬಾರದು. ಮುಂಚಿತವಾಗಿ ಬಂದು ಕೂತಿರಲೆಂದರೆ ಬಿತ್ತಿಗೆಯ ಕಾಲಕ್ಕೆ ಸೊಸೆಯನ್ನು ತಿಂಗಳುಗಟ್ಟಲೆ ಬಿಡುವ ಮನೆ ಅದಲ್ಲ. ಹೀಗೆ ಖುರ್ಷಿದ ಉಳಿದೆಲ್ಲ ಹಬ್ಬಕ್ಕೂ ಬಂದಳು, ಪಂಚಮಿಗೆ ಮಾತ್ರ ಬರಲಿಲ್ಲ. ವರ್ಷ ವರ್ಷ ತವರಿಗೆ ಬಂದ ಕಸ್ತೂರಿಬಾಯಿ ಗುಡುಸಾಬನ ಬಾಗಿಲಿಗೆ ಬಂದು, "ಖುರ್ಷಿ ಬಂದಾಳೇನ್ರಿ ಅಣ್ಣಾ?" ಎಂದು ಕೇಳುವಳು. ಉತ್ತರ ಗೊತ್ತಿದ್ದೂ ಕೇಳುತ್ತಿದ್ದಳು. ಅವನು ಟ್ರಂಕು ತೆರೆಯಲು ಒಳಗೆ ಹೋಗಿಬಿಡುತ್ತಿದ್ದ.

ಆಮೇಲೆ ಅವನು ಹಾರ್ನನ್ನು ಹೊಳೆಯತ್ತ ತಿರುಗಿಸುತ್ತಿದ್ದ. ಜೋಕಾಲಿಯಾಡುವವರೆಲ್ಲ ಈ ಕಡೆಗಿದ್ದರೂ ಹಾರ್ನಿನ ಬಾಯಿ ಆ ದಂಡೆಗೆ. ಪಂಚಮಿಯ ದಿನ ಮಾತ್ರ ಬೀಡಿ ಹಚ್ಚುತ್ತಿರಲಿಲ್ಲ; ಏಣಿ ಹಿಡಿದವರು ಗೊಣಗುತ್ತಿದ್ದರು. ಮಹಾನವಮಿಗೆ ಮೊದಲ ಹರಿಗೋಲು ಈ ದಂಡೆ ಮುಟ್ಟುವಾಗ ಗುಡುಸಾಬ ಮೊಣಕಾಲು ನೀರಿನಲ್ಲಿ ನಿಂತಿರುತ್ತಿದ್ದ.

"ಕೇಳಿಸ್ತಂತೇನು?"

ಅಂಬಿಗರ ಚಂದ್ರಾಮಪ್ಪ ಪ್ರತಿವರ್ಷವೂ ಹುಟ್ಟು ಒಳಗಿಡುತ್ತ ಅದನ್ನೇ ಹೇಳುತ್ತಿದ್ದ: "ಛಂದ ಕೇಳಿಸ್ತಂತ ರೀ. ಮುಳ್ಳು ಎತ್ತಿ ಇಟ್ಟದ್ದೂ ತಿಳೀತಂತ. ನಿಮ್ಮ ತಂಗಿ ಹೇಳ್ಯಾಳ."

ಇಷ್ಟರಿಂದ ಅವನ ವರ್ಷ ಸಾಗುತ್ತಿತ್ತು. ನಡುವೆ ಕ್ಯಾಸೆಟ್ಟಿನ ಕಾಲ ಬಂತು. ಹವಳಗಾದ ಕಡೆಯಿಂದ ದೊಡ್ಡ ಸ್ಪೀಕರ್ ಡಬ್ಬಿಗಳ ಸೆಟ್ಟು ತಂದವರು ತೊಟ್ಟಿಲ ಕಾರ್ಯಕ್ಕೂ ಕವ್ವಾಲಿ, ಟ್ರಾಕ್ಟರ್ ಪೂಜೆಗೂ ಶಹನಾಯಿ ಹಾಕಿ ಊರಿನ ಕಿವಿಯನ್ನೇ ಕೆಡಿಸಿದರು. ಗುಡುಸಾಬನ ಏಣಿಗೆ ಜನ ಕಡಿಮೆಯಾದರು. ಅವನು ನಿಯಮ ಬಿಡಲಿಲ್ಲ, ಕೋಟನ್ನೂ ಬಿಡಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ಹೊಳೆಗೆ ಸೇತುವೆಯಾಯಿತು. ಆ ಶ್ರಾವಣ ತುಂಬಿದ ಹೊಳೆಯ ಮೇಲಿಂದ ಟೆಂಪೋದಲ್ಲಿ ಕೂತು ಖುರ್ಷಿದ ಪಂಚಮಿಗೆ ಬಂದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ಹಾರ್ನು ಕಟ್ಟುವುದನ್ನು ನೋಡಬೇಕೆಂದು ಹಟಮಾಡಿ ಮಾಳಿಗೆ ಏರಿದಳು. ಏಣಿ ಹಿಡಿದವನು ಗುಡುಸಾಬನೇ. ಮೇಲೆ ಬಂದವನು ರೂಢಿಯಂತೆ ಹಾರ್ನನ್ನು ಹೊಳೆಗೆ ಮುಖ ಮಾಡಿ ಬಿಗಿದ. ಖುರ್ಷಿದ ನಕ್ಕಳು.

"ಭಾಯಿ, ನಾ ಇಲ್ಲೇ ಬಂದೇನಲ್ಲ. ಇನ್ನೂ ಆ ಕಡೆ ಯಾಕ?"

ಗುಡುಸಾಬ ಕೋಟಿನ ಕಿಸೆಗೆ ಕೈ ಹಾಕಿ ಬೀಡಿ ತೆಗೆದ. ಹೊತ್ತಿಸಿ, ಕೆಮ್ಮಿ, ಎತ್ತಿ ಹಿಡಿದ. ಹೊಳೆಯಾಚೆಯಿಂದ ಬೀಸಿದ ಗಾಳಿಗೆ ಹೊಗೆ ಇಬ್ಬರ ಮುಖಕ್ಕೂ ಬಡಿದು ಊರ ಕಡೆ ಹೋಯಿತು. ಅವಳ ನಗು ನಿಂತಿತು.

"ಗಾಳಿ ಆ ಕಡಿಂದ ಬರ್ತದಲ್ಲ."

"ಶ್ರಾವಣದಾಗ ಯಾವಾಗ್ಲೂ ಆ ಕಡಿಂದನ ಬರ್ತದ."

ಅವಳು ಹೊಳೆಯತ್ತ ತಿರುಗಿದಳು. "ಭಾಯಿ, ಒಂದು ವರ್ಷನೂ ನನಗ ಕೇಳಿಸಿಲ್ಲ. ದಂಡಿಗೆ ಬಂದು ಕುಂದರ್ತಿದ್ದೆ. ಬರೇ ನೀರಿನ ಸಪ್ಪಳ."

"ಗೊತ್ತದ ಬೇ."

"ಗೊತ್ತಿದ್ದೂ ಹಚ್ಚತಿದ್ದೇನು?"

"ಕೇಳಿಸ್ತಂತ ನೀ ಹೇಳಿ ಕಳಿಸ್ತಿದ್ದೆಲ್ಲ. ನಾ ಹಚ್ಚದಿದ್ರ ನಿನ್ನ ಮಾತು ಸುಳ್ಳಾಗ್ತಿತ್ತು."

ಖುರ್ಷಿದ ಸೆರಗಿನಿಂದ ಕಣ್ಣೊರೆಸಿಕೊಂಡು ಕೆಳಗಿಳಿದಳು. ಬೇವಿನ ಮರದಡಿಯಲ್ಲಿ ಕಸ್ತೂರಿಬಾಯಿ ಹಗ್ಗ ಹಿಡಿದು ಕಾಯುತ್ತಿದ್ದಳು. ಇಬ್ಬರೂ ಮೊಣಕಾಲು ನೋವನ್ನು ಬೈಯುತ್ತ ಜೋಕಾಲಿ ಏರಿದರು. ಮೇಲೆ ರಿಕಾರ್ಡು ತಿರುಗಿತು. ಗೀರು ಬಂತು, ಅಣ್ಣ ಬಂದನೇನೆಂದು ಹಾಡು ಕೇಳಿತು, ಮತ್ತೆ ಕೇಳಿತು, ಮತ್ತೆ ಕೇಳಿತು. ಗುಡುಸಾಬ ಆ ದಿನ ಕಿರುಬೆರಳು ಎತ್ತಲಿಲ್ಲ. ಕೆಳಗೆ ಜೀಕುತ್ತಿದ್ದ ತಂಗಿಯನ್ನೇ ನೋಡುತ್ತ ನಿಂತಿದ್ದ.

ಮುಂದೆಯೂ, ಬದುಕಿರುವವರೆಗೆ, ಪಂಚಮಿಗೆ ಅವನು ಹಾರ್ನನ್ನು ಹೊಳೆಯತ್ತಲೇ ಕಟ್ಟಿದ. ತಂಗಿ ಬಂದಾಯಿತಲ್ಲ ಎಂದು ಕೇಳಿದವರಿಗೆ, "ಇನ್ನಾ ಯಾರ್ಯಾರ ತಂಗಿಯರೋ ಆ ಕಡೆ ಅದಾರ ರೀ" ಎನ್ನುತ್ತಿದ್ದ.

ಗಾಳಿಯ ಗುಣ ಬಲ್ಲವರೆಲ್ಲ ಗಾಳಿ ಹೋದ ಕಡೆಗೇ ತಮ್ಮ ದನಿಯನ್ನು ಕಳಿಸುತ್ತಾರೆ. ಲೋಕದ ವ್ಯವಹಾರ ನಡೆಯುವುದೇ ಹಾಗೆ. ಅದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನೊಬ್ಬ, ವರ್ಷಕ್ಕೊಂದು ದಿನ ಆ ಬಲ್ಲತನವನ್ನೆಲ್ಲ ಕಿಸೆಯಲ್ಲಿಟ್ಟು, ಎದುರುಗಾಳಿಗೆ ತನ್ನ ಹಾಡನ್ನು ಬಿಡುತ್ತಾನೆ. ಇಂಥವರನ್ನು ನಾವು ಹುಚ್ಚರೆಂದು ನಕ್ಕು ಮುಂದೆ ಹೋಗುತ್ತೇವೆ. ಆದರೆ ಇಂಥವರಿಂದಲೇ, ಏನೂ ಕೇಳಿಸದಿದ್ದರೂ, ಆ ದಂಡೆಗೆ ಯಾರೋ ಬಂದು ಕೂತಿರುತ್ತಾರೆ.